ಕಪಿಲೆಯ ಕಾಡೂ ಪರದೇಶದ ಅತಿಥಿಗಳೂ

ಪರದೇಶಕ್ಕೆ ಹೋದವನು ಅಲ್ಲಿನ ಕಾಡಿನಲ್ಲಿ ಬಂದೂಕ ಹಿಡಿಯಬಹುದೆ, ಅಲ್ಲಿನ ಹೊಳೆಗೆ ಗಾಳ ಹಾಕಬಹುದೆ ಎಂಬುದು ಮೇಲುನೋಟಕ್ಕೆ ವಿನೋದಾರ್ಥಿಗಳಿಗೆ ಮಾತ್ರ ಸೇರಿದ ಸಣ್ಣ ಪ್ರಶ್ನೆಯೆಂದು ತೋರಿದರೂ, ಅದರ ಬೆನ್ನು ಹತ್ತಿ ಸ್ವಲ್ಪ ದೂರ ನಡೆದವರಿಗೆ ಕಾಡು ಯಾರದು, ಅದರೊಳಗಿನ ಜಿಂಕೆ ಯಾರದು, ದಡ ಒಬ್ಬನದಾದರೆ ಅದರ ಮಗ್ಗುಲಲ್ಲಿ ಹರಿಯುವ ನೀರಿನ ಮೀನು ಯಾರದು ಎಂಬ ಪುರಾತನ ತಕರಾರುಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ. ಆಲ್ಪ್ಸ್ ಪರ್ವತದ ಮಡಿಲಿನ ಆಸ್ಟ್ರಿಯ, ಸ್ವಿಟ್ಜರ್ಲೆಂಡ್ ದೇಶಗಳು ಈ ತಕರಾರುಗಳನ್ನು ತಲೆಮಾರುಗಳಿಂದ ವಿಚಾರಿಸುತ್ತ ಬಂದು, ಹೊರಗಿನಿಂದ ಬಂದ ಅತಿಥಿಗೆ ಎಷ್ಟು ದಿನ, ಯಾವ ಪ್ರಾಣಿ, ಯಾರ ಜೊತೆಯಲ್ಲಿ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದಿಟ್ಟಿವೆ. ಆದರೆ ಈ ವಿಷಯದ ಸೊಗಸನ್ನೂ ಕಹಿಯನ್ನೂ ಅರಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಕಪಿಲೆ ಮತ್ತು ಕಾವೇರಿಗಳ ನಡುವಣ ನೆಲದಲ್ಲಿ, ಪರದೇಶದವರ ಬೇಟೆಗೂ ಮೀನಿನ ಹವ್ಯಾಸಕ್ಕೂ ಸಂಬಂಧಿಸಿದ ನಿಯಮಗಳ ಒಂದೂವರೆ ಶತಮಾನದ ಚರಿತ್ರೆಯೇ ಬಿದ್ದುಕೊಂಡಿದೆ.

1946ನೆಯ ಇಸವಿ ಮಾರ್ಚ್ 22ರಂದು ಕಪಿಲಾ ನದಿಯಲ್ಲಿ, ಅಂದರೆ ನಾವು ಕಬಿನಿಯೆಂದೂ ಕರೆಯುವ ಹೊಳೆಯಲ್ಲಿ, ಡಿ ವೆಟ್ ವ್ಯಾನ್ ಇಂಗೆನ್ ಎಂಬವರ ಗಾಳಕ್ಕೆ 120 ಪೌಂಡು ತೂಕದ ಮಹಶೀರ್ ಮೀನೊಂದು ಬಿದ್ದಿತು. ನಮ್ಮ ಹೊಳೆಯಂಚಿನವರು ಬಿಳಿಮೀನು ಎನ್ನುವುದು ಈ ಜಾತಿಯನ್ನೇ. ಸುಮಾರು 54 ಕಿಲೋ ತೂಗುವ, ಒಬ್ಬ ಆಳಿನ ಭಾರಕ್ಕೆ ಸಾಟಿಯಾದ ಆ ಮತ್ಸ್ಯವು ಗಾಳದಿಂದ ಹಿಡಿದ ಮಹಶೀರ್‌ಗಳಲ್ಲೆಲ್ಲ ಹಿರಿದೆಂದು ಜಗತ್ತಿನ ಗಾಳಗಾರರು ಬಹುಕಾಲ ಕೊಂಡಾಡಿದರು. ಹಿಡಿದ ಪುಣ್ಯಾತ್ಮರ ಮನೆತನವೂ ವಿಚಿತ್ರವಾದುದು. ಡಚ್ ಮೂಲದ ಯೂಜೀನ್ ವ್ಯಾನ್ ಇಂಗೆನ್ ಎಂಬವರು ಕಳೆದ ಶತಮಾನದ ಆರಂಭದ ವೇಳೆಗೆ ಮೈಸೂರಿನಲ್ಲಿ ಸ್ಥಾಪಿಸಿದ, ಸತ್ತ ಪ್ರಾಣಿಯ ಚರ್ಮಕ್ಕೆ ಜೀವಕಳೆಯನ್ನು ಕೊಟ್ಟು ನಿಲ್ಲಿಸುವ ಕಾರ್ಖಾನೆಯು 1999ರವರೆಗೆ ನಡೆಯಿತು. ಹಿಂದೂಸ್ಥಾನದ ಅರಮನೆಗಳ ಗೋಡೆಗಳಿಂದ ಇಂಗ್ಲೆಂಡಿನ ಪಡಸಾಲೆಗಳವರೆಗೆ ಬಾಯ್ದೆರೆದು ಕುಳಿತ ಹುಲಿ ಚಿರತೆಗಳಲ್ಲಿ ಸಾವಿರಾರು ಮೈಸೂರಿನ ಆ ಅಂಗಳವನ್ನು ದಾಟಿಹೋದವುಗಳೇ. ಯೂಜೀನರು ತಮ್ಮ ಮಕ್ಕಳಿಗೆ ಡಿ ವೆಟ್, ಬೋಥಾ, ಕ್ರೂಗರ್, ಜೂಬೆರ್ ಎಂದು ಬ್ರಿಟಿಷರನ್ನು ಎದುರಿಸಿದ ಬೋಯರ್ ನಾಯಕರ ಹೆಸರುಗಳನ್ನಿಟ್ಟು, ಬ್ರಿಟಿಷ್ ಅಧಿಕಾರಿಗಳ ಬೇಟೆಯ ಸ್ಮಾರಕಗಳನ್ನೇ ತುಂಬಿ ಜೀವಿಸಿದ್ದು ಇತಿಹಾಸದ ತುಂಟತನಗಳಲ್ಲಿ ಒಂದೆನ್ನಬೇಕು.

ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಕಾಡಿನಲ್ಲಿ ಯಾರು ಬೇಕಾದರೂ ಬೇಟೆಯಾಡಬಹುದಾಗಿತ್ತೆಂದು ತಿಳಿಯುವುದು ತಪ್ಪು. 1901ರಲ್ಲಿಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಯುವುದಕ್ಕೆಂದು ಸಂಸ್ಥಾನವು ಒಂದು ರೆಗ್ಯುಲೇಷನ್ನನ್ನು ಜಾರಿಗೆ ತಂದಿತ್ತು. ಬ್ರಿಟಿಷ್ ಇಂಡಿಯದಲ್ಲಾದರೋ ಅದಕ್ಕೆ ಮೊದಲೇ, 1879ರ ಕಾನೂನು ಕಾಡಾನೆಯನ್ನು ಕೊಲ್ಲಬಾರದೆಂದು ವಿಧಿಸಿದ್ದರೆ, 1897ರ ಮೀನುಗಾರಿಕೆಯ ಕಾನೂನು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತ್ತು. ಈ ನಿಯಮಗಳ ಹಿಂದೆ ದಯೆಯಿತ್ತೆ, ಮುಂದಾಲೋಚನೆಯಿತ್ತೆ, ಅಥವಾ ದೊರೆಗಳ ಪಾಲಿಗೆ ಪ್ರಾಣಿಗಳು ಸಾಲದೆ ಹೋಗಬಾರದೆಂಬ ಎಚ್ಚರ ಮಾತ್ರವಿತ್ತೆ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ, ಮೂರೂ ಇದ್ದಿರಬೇಕು. ಆದರೆ ಪಾಲಾಗುತ್ತಿದ್ದ ಬಗೆಯಲ್ಲಿ ಸಂದೇಹವಿಲ್ಲ. ಕಾಕನಕೋಟೆ, ನಾಗರಹೊಳೆಗಳ ಅರಣ್ಯವು ಒಡೆಯರ ಬೇಟೆಯ ಕಾಡಾಗಿತ್ತು. ಅಲ್ಲಿಗೆ ಬರುವ ಪರದೇಶದ ಮನುಷ್ಯನಿಗೆ ಅರಮನೆಯ ಕರೆಯೇ ಪರವಾನಗಿಯಾಗಿತ್ತು.

ಅರಮನೆಯ ಅತಿಥಿಗಳಿಗಾಗಿ ಏರ್ಪಡುತ್ತಿದ್ದ ವೈಭವಗಳಲ್ಲಿ ಶಿಖರಪ್ರಾಯವಾದುದು ಕಾಡಾನೆಗಳ ಹಿಂಡನ್ನು ಅಟ್ಟಿ ಸೆರೆಹಿಡಿಯುವ ಖೆಡ್ಡಾ. ಮೈಸೂರಿನಲ್ಲಿ ಇದರ ಮೂಲಪುರುಷನೂ ಒಬ್ಬ ಪರದೇಶದವನೇ. ನೀರಾವರಿಯ ಕೆಲಸಕ್ಕೆಂದು ಮೈಸೂರಿಗೆ ಬಂದು, ಕಾಲುವೆಗಳಿಗಿಂತ ಆನೆಗಳಲ್ಲಿ ಹೆಚ್ಚು ಮನಸ್ಸಿಟ್ಟ ಜಿ.ಪಿ. ಸ್ಯಾಂಡರ್ಸನ್, 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಕಾಡಾನೆಗಳ ಹಿಂಡನ್ನೇ ಕೂಡಿಹಾಕಿ ಹಿಡಿದು ತೋರಿಸಿದನು. ಅವನಿಗಿಂತ ನೂರು ವರ್ಷ ಮೊದಲು ಹೈದರಾಲಿಯು ಇದೇ ಸಾಹಸಕ್ಕೆ ಕೈಹಾಕಿ ಸೋತು, ಇನ್ನು ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರೆಂದು ಕಲ್ಲಿನಲ್ಲಿ ಕೊರೆಸಿ, ಪ್ರಯತ್ನಿಸುವವರಿಗೆ ಶಾಪವನ್ನೂ ಹಾಕಿ ಹೋಗಿದ್ದನೆಂದು ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಅಡಗಿಲ್ಲ. ತರುವಾಯ ಖೆಡ್ಡಾದ ರಂಗಸ್ಥಳ ಕಪಿಲೆಯ ತೀರದ ಕಾಕನಕೋಟೆಗೆ ಬದಲಾಯಿತು. 1906ರಲ್ಲಿ ಮುಂದೆ ಐದನೆಯ ಜಾರ್ಜ್ ಆಗಲಿದ್ದ ಯುವರಾಜನೂ, 1922ರಲ್ಲಿ ಅವನ ಮಗ ಎಡ್ವರ್ಡನೂ ಮೈಸೂರಿಗೆ ಬಂದು ಈ ದೃಶ್ಯವನ್ನು ಕಂಡುಹೋದರು.

ಕಾಕನಕೋಟೆಯ ಖೆಡ್ಡಾದ ವಿಶೇಷವಿದ್ದುದು ನದಿಯಲ್ಲಿ. ಕಾಡಿನೊಳಗೆ ಹಿಂಡಿನ ಜಾಡು ಹಿಡಿದು, ವಾರಗಟ್ಟಲೆ ಹಗಲು ಸದ್ದಿನಿಂದಲೂ ರಾತ್ರಿ ಬೆಂಕಿಯ ಸಾಲಿನಿಂದಲೂ ಅದನ್ನು ಸುತ್ತುವರಿದು, ಗೊತ್ತು ಮಾಡಿದ ದಿನ ತಮಟೆ, ಬಿದಿರಿನ ಗಿಲಕಿ, ಬಂದೂಕದ ಬರಿಗುಂಡುಗಳ ಅಬ್ಬರದಿಂದ ಹೊಳೆಗೆ ಇಳಿಸುತ್ತಿದ್ದರು. ಮರಿಗಳನ್ನು ಮುಂದೊತ್ತಿಕೊಂಡು ತಾಯಾನೆಗಳು ನೀರನ್ನು ಸೀಳುತ್ತ ಎದುರು ದಡಕ್ಕೆ ಬರುವ ಹೊತ್ತಿಗೆ, ಸೊಪ್ಪುಸದೆಗಳ ಮರೆಯಲ್ಲಿ ಕಟ್ಟಿದ ಅಟ್ಟಣೆಗಳ ಮೇಲೆ ವೈಸರಾಯರೂ ಅವರ ಪರಿವಾರದ ಮಡದಿಯರೂ ದುರ್ಬೀನು ಹಿಡಿದು ಕುಳಿತಿರುತ್ತಿದ್ದರು. ದಡ ಹತ್ತಿದ ಹಿಂಡು ಕ್ರಮೇಣ ಕಿರಿದಾಗುವ ದಾರಿಯಲ್ಲಿ ನುಗ್ಗಿ, ದಪ್ಪ ದಿಮ್ಮಿಗಳ ಆವರಣದೊಳಕ್ಕೆ ಬಿದ್ದೊಡನೆ ಬಾಗಿಲು ಕಳಚಿಬೀಳುತ್ತಿತ್ತು. ಮರುದಿನ ಪಳಗಿದ ಕುಮ್ಕಿ ಆನೆಗಳ ಬೆನ್ನಿಗೆ ಅಂಟಿಕೊಂಡಂತೆ ಮಲಗಿದ ಮಾವುತರು ಒಳಹೋಗಿ, ಎರಡು ಸಾಕಾನೆಗಳ ನಡುವೆ ಒಂದು ಕಾಡಾನೆಯನ್ನು ಅಮುಕಿ ಹಿಡಿದಾಗ, ಒಬ್ಬನು ಕೆಳಗಿಳಿದು ಅದರ ಹಿಂಗಾಲಿಗೆ ಹಗ್ಗದ ಕುಣಿಕೆ ಹಾಕಬೇಕು. ಅಟ್ಟಣೆಯ ಮೇಲಿನವರಿಗೆ ಪ್ರೇಕ್ಷಣೀಯವಾಗಿದ್ದ ಆ ಕ್ಷಣ ಕೆಳಗಿನವನ ಪಾಲಿಗೆ ಸಾವು ಬದುಕಿನ ಗಳಿಗೆ. ಕಾಲಬಳಿಗೆ ಇಳಿಯುತ್ತಿದ್ದವರೂ, ಜಾಡು ಹಿಡಿಯುತ್ತಿದ್ದವರೂ, ಕಾಡನ್ನು ಸೋವಿ ಹಿಂಡನ್ನು ಎಬ್ಬಿಸುತ್ತಿದ್ದವರೂ ಬಹುಪಾಲು ಜೇನುಕುರುಬರು, ಬೆಟ್ಟಕುರುಬರು, ಮುಸಲ್ಮಾನ ಮಾವುತರು. ಮಾಸ್ತಿಯವರು ತಮ್ಮ ‘ಕಾಕನಕೋಟೆ’ ನಾಟಕದಲ್ಲಿ ರಂಗದ ನಡುವೆ ನಿಲ್ಲಿಸಿದ್ದು ಈ ಕಾಡಿನ ಕುರುಬರನ್ನೇ ಹೊರತು ಅಟ್ಟಣೆಯವರನ್ನಲ್ಲ ಎಂಬುದು ಸ್ಮರಣಾರ್ಹ.

ಇಲ್ಲಿ ಪ್ರಸಂಗವಶಾತ್ ಒಂದು ಮಾತು. ಕಪಿಲೆಯ ತೀರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗನೊಬ್ಬನು ಚಿತ್ರ ತೆಗೆಯಲು ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು, 1937ರಲ್ಲಿ ಬಿಡುಗಡೆಯಾದ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾಗಿ, ಸಾಬು ಎಂಬ ಹೆಸರಿನಿಂದ ಹಾಲಿವುಡ್ಡಿನವರೆಗೆ ಹೋದನು. ಕಪಿಲೆಯ ತೀರದಿಂದ ಪರದೇಶದವರು ಹುಲಿಯ ತೊಗಲನ್ನೂ ಆನೆಯ ದಂತವನ್ನೂ ಕೊಂಡೊಯ್ದ ಕಾಲದಲ್ಲಿ ಒಬ್ಬ ಹುಡುಗನನ್ನೂ ಕೊಂಡೊಯ್ದರು. ಅವನ ಭಾಗ್ಯ ಅವನನ್ನು ಚೆನ್ನಾಗಿಯೇ ನೋಡಿಕೊಂಡಿತು.

ಖೆಡ್ಡಾ ನಿಂತದ್ದು ದಯೆಯಿಂದಲ್ಲ, ನೀರಿನಿಂದ. ಬೀಚನಹಳ್ಳಿ ಬಿದರಹಳ್ಳಿಗಳ ನಡುವೆ ಎದ್ದ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು, ಆನೆಗಳು ಈಜಿ ದಾಟುತ್ತಿದ್ದ ನದಿಯ ತಿರುವು ಹಿನ್ನೀರಿನಲ್ಲಿ ಅಡಗಿತು. ಅದಕ್ಕೂ ಮುನ್ನ, 1971ರಲ್ಲಿ, ಕೊನೆಯ ಖೆಡ್ಡಾ ನಡೆದಿತ್ತು. 1968ರ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನನೆಂಬ ಆನೆಯೇ ಬಳ್ಳೆಯ ಶಿಬಿರದಲ್ಲಿ ಬೆಳೆದು, 2012ರಿಂದ 2019ರವರೆಗೆ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಸೀಮೆಯಲ್ಲಿ ಕಾಡಾನೆಯನ್ನು ಹಿಡಿಯುವ ಕೆಲಸದಲ್ಲಿದ್ದಾಗಲೇ ಕಾಡಾನೆಯೊಡನೆ ಕಾದಾಡಿ ಮಡಿಯಿತು.

ಸ್ವಾತಂತ್ರ್ಯದ ತರುವಾಯದ ಇಪ್ಪತ್ತೈದು ವರ್ಷಗಳನ್ನು ಸಂಧಿಕಾಲವೆನ್ನಬಹುದು. 1952ರಲ್ಲಿ ರಚಿತವಾದ ಭಾರತೀಯ ವನ್ಯಜೀವಿ ಮಂಡಲಿಗೆ ಜಯಚಾಮರಾಜೇಂದ್ರ ಒಡೆಯರೇ ಮೊದಲ ಅಧ್ಯಕ್ಷರಾದರು. ಅದರ ಮೊದಲ ಸಭೆ ಮೈಸೂರಿನಲ್ಲೇ ಸೇರಿತು. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. ಇತ್ತ ಕಾಯುವ ಮಾತು ಹೀಗೆ ಮೊಳೆಯುತ್ತಿದ್ದಂತೆಯೇ ಅತ್ತ ಡಾಲರು ತರುವ ಬೇಟೆಗಾರರನ್ನು ಕರೆತರುವ ಶಿಕಾರಿ ಕಂಪೆನಿಗಳು ದೇಶದ ಅನೇಕ ಕಡೆಗಳಲ್ಲಿ ತಲೆಯೆತ್ತಿದ್ದವು. 1959ರ ಆಯುಧಗಳ ಕಾನೂನಿನ 10ನೆಯ ಕಲಮನ್ನು ಓದಿದರೆ ಆ ದಿನಗಳ ಮನೋಧರ್ಮ ಕಣ್ಣಿಗೆ ಕಟ್ಟುತ್ತದೆ. ಕೇಂದ್ರ ಸರ್ಕಾರ ಗೊತ್ತುಮಾಡಿದ ದೇಶಗಳಿಂದ ಬಂದ ನಿಜವಾದ ಪ್ರವಾಸಿಯು ವಿನೋದಬೇಟೆಗೆ ಮಾತ್ರ ಬಳಸುವುದಕ್ಕಾಗಿ ಮಿತವಾದ ಪ್ರಮಾಣದಲ್ಲಿ ಬಂದೂಕ ಮದ್ದುಗಳನ್ನು ಆಮದಿನ ಲೈಸೆನ್ಸಿಲ್ಲದೆಯೇ ತರಬಹುದೆಂದು ಅದು ಹೇಳುತ್ತದೆ. ಮೈಸೂರು ರಾಜ್ಯವೂ 1963ರಲ್ಲಿ ಹಳೆಯ ರೆಗ್ಯುಲೇಷನ್ನಿನ ಬದಲು ಕಾಡುಪ್ರಾಣಿ ಪಕ್ಷಿಗಳ ರಕ್ಷಣೆಯ ಕಾನೂನೊಂದನ್ನು ಮಾಡಿತಾದರೂ, ಬೇಟೆಯೆಂಬುದು ಆಗಲೂ ಪರವಾನಗಿಯಿಂದ ಪಡೆಯಬಹುದಾದ ವಸ್ತುವಾಗಿಯೇ ಉಳಿಯಿತು.

1970ರಲ್ಲಿ ಹುಲಿಬೇಟೆ ದೇಶದಾದ್ಯಂತ ನಿಂತಿತು. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಾಗ, ಬಹುಮಂದಿ ತಿಳಿದಿರುವಂತೆ ಬೇಟೆ ಒಂದೇ ದಿನದಲ್ಲಿ ಸಂಪೂರ್ಣ ನಿಷಿದ್ಧವಾಗಲಿಲ್ಲ. ಮೊದಲನೆಯ ಅನುಸೂಚಿಯ ಪ್ರಾಣಿಗಳನ್ನು ಮುಟ್ಟಬಾರದೆಂದು ವಿಧಿಸಿದ ಆ ಕಾನೂನು, ಮಿಕ್ಕವಕ್ಕೆ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬಗೆಬಗೆಯ ಪರವಾನಗಿಗಳನ್ನು ಉಳಿಸಿಕೊಂಡಿತ್ತು. ಆ ಬಾಗಿಲುಗಳು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಇಂದು ಮನುಷ್ಯನ ಪ್ರಾಣಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆಜ್ಞೆ ಬೇಕು. ಬೇಟೆಯಾದ ಅಥವಾ ಸತ್ತು ಸಿಕ್ಕಿದ ಕಾಡುಪ್ರಾಣಿ 39ನೆಯ ಕಲಮಿನ ಮೇರೆಗೆ ಸರ್ಕಾರದ ಸ್ವತ್ತು. ಸ್ವದೇಶಿಗೂ ವಿದೇಶಿಗೂ ಈ ನಿಯಮದಲ್ಲಿ ಭೇದವಿಲ್ಲ. ಆಯುಧದ ಕಾನೂನಿನ ಆ ಪ್ರವಾಸಿಯ ಕಲಮು ಮಾತ್ರ, ಅದು ಉದ್ದೇಶಿಸಿದ ಬೇಟೆಯೇ ಇಲ್ಲವಾದ ಮೇಲೂ, ಹಳೆಯ ವಾಡೆಯ ಹೆಬ್ಬಾಗಿಲಿನಂತೆ ಬಹುಕಾಲ ನಿಂತೇ ಇತ್ತು. ನೆರೆಯ ಕೊಡಗಿನಲ್ಲಿಯೂ ಇಂಥದೇ ಸೋಜಿಗವುಂಟು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಕ್ಕೆ ಲೈಸೆನ್ಸು ಬೇಡ, ಆದರೆ ಅದರಿಂದ ಹೊಡೆಯಬಹುದಾದ ಮೃಗವಿಲ್ಲ.

ಈ ಪರಿವರ್ತನೆಯನ್ನು ಒಬ್ಬ ವ್ಯಕ್ತಿಯ ಜೀವನದಲ್ಲಿಯೇ ಕಾಣಬೇಕೆಂದರೆ ಕಾರಾಪುರದ ಕರ್ನಲ್ ಜಾನ್ ವೇಕ್‌ಫೀಲ್ಡರನ್ನು ನೆನೆಯಬೇಕು. 1916ರಲ್ಲಿ ಗಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬಂದೂಕ ಹಿಡಿದು, ಬೆಳೆದ ಮೇಲೆ ಪರದೇಶದ ಶಿಕಾರಿದಾರರಿಗೆ ಕಾಡು ತೋರಿಸುವ ವೃತ್ತಿಯಲ್ಲಿದ್ದ ಅವರು, 1980ರಲ್ಲಿ ಕರ್ನಾಟಕ ಸರ್ಕಾರದ ಪಾಲುದಾರಿಕೆಯಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆಯ ಆಧಾರಸ್ತಂಭವಾಗಿ, ಮಹಾರಾಜರ ಅತಿಥಿಗಳು ಬಂದೂಕಗಳೊಡನೆ ಇಳಿಯುತ್ತಿದ್ದ ಬಂಗಲೆಯ ಅಂಗಳದಲ್ಲಿಯೇ ಕ್ಯಾಮೆರಾ ಹಿಡಿದ ಅತಿಥಿಗಳನ್ನು ಬರಮಾಡಿಕೊಳ್ಳುತ್ತ, 2010ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಈಗ ಪರದೇಶದವನು ಕಾಡಿಗೆ ಹೋಗುವುದು ಅರಣ್ಯ ಇಲಾಖೆ ಅಥವಾ ಈ ಸಂಸ್ಥೆಯ ಜೀಪಿನಲ್ಲಿ; ಚೀಟಿಯ ದರ ಅವನಿಗೆ ನಮಗಿಂತ ಹೆಚ್ಚು; ಗಾಡಿಯಿಂದ ಕೆಳಗಿಳಿಯುವಂತಿಲ್ಲ.

ಆಲ್ಪ್ಸ್ ದೇಶಗಳ ಪದ್ಧತಿಯನ್ನು ಇದಕ್ಕೆ ಹೋಲಿಸಿ ನೋಡೋಣ. ಆಸ್ಟ್ರಿಯದಲ್ಲಿ ಒಂಬತ್ತು ಪ್ರಾಂತಗಳು, ಒಂಬತ್ತು ಬೇಟೆಯ ಕಾನೂನುಗಳು. ಕಾಡುಪ್ರಾಣಿ ಅಲ್ಲಿ ಯಾರ ಸ್ವತ್ತೂ ಅಲ್ಲ, ಆದರೆ ಅದನ್ನು ಹೊಡೆಯುವ ಹಕ್ಕು ನೆಲದ ಒಡೆತನಕ್ಕೆ ಅಂಟಿಕೊಂಡಿದೆ. ಸಾಮಾನ್ಯವಾಗಿ ಒಂದೇ ಕಡೆ 115 ಹೆಕ್ಟೇರು ಇದ್ದವನು ತನ್ನದೇ ಬೇಟೆಯ ಕ್ಷೇತ್ರವನ್ನು ಹೊಂದಬಹುದು. ಅದಕ್ಕಿಂತ ಕಡಿಮೆಯಿರುವ ಸಣ್ಣ ಹಿಡುವಳಿದಾರರು ಒಟ್ಟುಗೂಡಿ ತಮ್ಮ ಗ್ರಾಮದ ಬೇಟೆಯನ್ನು ಗುತ್ತಿಗೆಗೆ ಕೊಡುತ್ತಾರೆ. ಬೇಟೆಗಾರನಾಗಬೇಕಾದವನು ಪ್ರಾಣಿಶಾಸ್ತ್ರ, ಆಯುಧ, ಕಾನೂನುಗಳಲ್ಲಿ ಪರೀಕ್ಷೆ ಕೊಟ್ಟು ಪತ್ರ ಪಡೆಯಬೇಕು. ಪರದೇಶದ ಅತಿಥಿ ತನ್ನ ನಾಡಿನ ಬೇಟೆಪತ್ರವನ್ನು ತೋರಿಸಿದರೆ ಅಲ್ಪಾವಧಿಯ ಅತಿಥಿಪತ್ರ ದೊರೆಯುತ್ತದೆ. ಆದರೂ ಕ್ಷೇತ್ರದ ಹಕ್ಕುದಾರನು ಕರೆಯದೆ ಅವನು ಕಾಡಿನೊಳಗೆ ಬಂದೂಕ ತೆಗೆಯುವಂತಿಲ್ಲ. ಎಷ್ಟು ಜಿಂಕೆ, ಗಂಡೆಷ್ಟು ಹೆಣ್ಣೆಷ್ಟು ಎಂಬುದು ವರ್ಷಾರಂಭದ ಲೆಕ್ಕದಲ್ಲಿ ಮೊದಲೇ ಗೊತ್ತಾಗಿರುತ್ತದೆ. ಹೊಡೆದ ಜಿಂಕೆಯ ಬಾಯಿಗೆ ಕೊನೆಯ ತುತ್ತೆಂದು ಒಂದು ಹಸಿರು ಕುಡಿಯನ್ನು ಇಟ್ಟು, ಇನ್ನೊಂದನ್ನು ಬೇಟೆಗಾರನು ಟೋಪಿಗೆ ಸಿಕ್ಕಿಸಿಕೊಳ್ಳುವ ಆಚಾರವೂ ಆ ಜನಕ್ಕುಂಟು. ಸ್ವಿಟ್ಜರ್ಲೆಂಡಿನ 26 ಕ್ಯಾಂಟನ್ನುಗಳಲ್ಲಿ ಹೆಚ್ಚಿನವು ಬೇಟೆಗಾರನಿಗೆ ನೇರವಾಗಿ ಪರವಾನಗಿ ಮಾರುತ್ತವೆ, ಕೆಲವು ಕ್ಷೇತ್ರವನ್ನು ಗುತ್ತಿಗೆಗೆ ಕೊಡುತ್ತವೆ, ಜಿನೀವಾ ಮಾತ್ರ 1974ರಲ್ಲಿ ಜನಮತದಿಂದ ಹವ್ಯಾಸದ ಬೇಟೆಯನ್ನೇ ಕೈಬಿಟ್ಟಿತು. ಕಬಿನಿಯ ಅಣೆಕಟ್ಟು ಮುಗಿದ ವರ್ಷವೂ ಅದೇ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ಪರದೇಶದವನಿಗೆ ಎಲ್ಲಿಯೂ ತನ್ನದೆಂಬ ಹಕ್ಕಿಲ್ಲ, ಅವನು ಯಾವಾಗಲೂ ಯಾರದೋ ಅತಿಥಿ, ಆಸ್ಟ್ರಿಯದಲ್ಲಿ ಹೊಲದೊಡೆಯನ ಅತಿಥಿ, ಹಳೆಯ ಮೈಸೂರಿನಲ್ಲಿ ಅರಮನೆಯ ಅತಿಥಿ, ಇಂದಿನ ಕಬಿನಿಯಲ್ಲಿ ಟಿಕೆಟಿನ ಕಿಟಕಿಯ ಅತಿಥಿ. ಒಡೆಯನಾರೆಂಬುದು ಬದಲಾದಂತೆ ಅತಿಥಿಯ ಕೈಯಲ್ಲಿರುವ ವಸ್ತುವೂ ಬದಲಾಯಿತು. ಆದರೆ ಆಸ್ಟ್ರಿಯದ ಸಣ್ಣ ರೈತನಿಗೆ ಗ್ರಾಮದ ಬೇಟೆಯ ಗುತ್ತಿಗೆಯಲ್ಲಿ ಒಂದು ಪಾಲಿರುವಂತೆ, ನಮ್ಮ ಕಾಡಿನಂಚಿನ ರೈತನಿಗಾಗಲಿ ಕಾಡಿನೊಳಗಿನ ಕುರುಬರ ಹಾಡಿಯವನಿಗಾಗಲಿ ಈ ಒಡೆತನದಲ್ಲಿ ಪಾಲು ಬರಲಿಲ್ಲ. ವೀರನಹೊಸಹಳ್ಳಿಯ ಕಡೆ ಹಳೆಯ ರೈಲುಕಂಬಿಗಳ ಬೇಲಿ ದಾಟಿ ಬರುವ ಆನೆ ರಾಗಿಯ ಹೊಲವನ್ನು ತುಳಿದರೆ ರೈತನಿಗಿರುವ ದಾರಿ ಪರಿಹಾರದ ಅರ್ಜಿಯೊಂದೇ. ಹಂದಿಗೆ ಉರುಳು ಕಟ್ಟಿದರೆ ಅದಕ್ಕೆ ಹುಲಿ ಬೀಳಬಹುದು, ಅವನು ಸೆರೆಮನೆ ಸೇರಬಹುದು.

ಮೀನಿನ ಕಥೆ ಬೇಟೆಯಷ್ಟು ನೇರವಲ್ಲ, ಆದಕಾರಣ ಹೆಚ್ಚು ಸ್ವಾರಸ್ಯಕರ. ಅನೇಕ ವರ್ಷಗಳ ಕಾಲ ಮೀನು ‘ಪ್ರಾಣಿ’ಯೇ ಆಗಿರಲಿಲ್ಲ. 1972ರ ಕಾನೂನಿನ ಮೂಲ ಪಾಠದಲ್ಲಿ ಪ್ರಾಣಿಯೆಂದರೆ ಸಸ್ತನಿ, ಪಕ್ಷಿ, ಸರೀಸೃಪ, ಉಭಯಚರ. ಮೀನಿಗೆ ಆ ಮರ್ಯಾದೆ ದೊರೆತದ್ದು ಈ ಶತಮಾನದ ಆರಂಭದ ತಿದ್ದುಪಡಿಯಲ್ಲಿ. ಆದ್ದರಿಂದ ಬಂದೂಕದ ಪರದೇಶಿಗರು ಮರೆಯಾದ ಮೇಲೂ ಗಾಳದ ಪರದೇಶಿಗರು ಬರುತ್ತಲೇ ಇದ್ದರು. 1870ರ ದಶಕದಲ್ಲಿಯೇ ಎಚ್.ಎಸ್. ಥಾಮಸ್ ಎಂಬ ಮದರಾಸಿನ ಅಧಿಕಾರಿ ಈ ನಾಡಿನ ಮಹಶೀರನ್ನು ಕುರಿತು ಬರೆದ ಪುಸ್ತಕ ಇಂಗ್ಲೆಂಡಿನಲ್ಲಿ ಹವ್ಯಾಸಿಗಳ ಆಸೆಯನ್ನು ಕೆರಳಿಸಿತ್ತು. 1970ರ ದಶಕದ ಕೊನೆಗೆ ಕೆಲವು ಆಂಗ್ಲ ತರುಣರು ಅಂಥ ಹಳೆಯ ಪುಸ್ತಕಗಳ ಜಾಡು ಹಿಡಿದು ಕಾವೇರಿಗೆ ಬಂದು, ದೈತ್ಯ ಮೀನುಗಳಿನ್ನೂ ಬದುಕಿವೆಯೆಂದು ಲೋಕಕ್ಕೆ ತಿಳಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲಿಟ್ಟಿತು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮೀನಿನ ಶಿಬಿರಗಳು ಎದ್ದವು.

ಆ ಶಿಬಿರಗಳಲ್ಲಿ ಬಳಸುತ್ತಿದ್ದ ಎರೆ ನಮ್ಮವರಿಗೆ ಪರಿಚಿತವಾದುದೇ. ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕಿ, ಒಳಗೂ ಹೊರಗೂ ಬಿರುಸಾಗುವವರೆಗೆ ಬೇಯಿಸಿ, ಆರಿದ ಮೇಲೆ ಮತ್ತೆ ನಾದಿ, ದಪ್ಪ ಗಾಳದ ಸುತ್ತ ನಿಂಬೆಹಣ್ಣಿನ ಗಾತ್ರಕ್ಕೆ ಮೆತ್ತಬೇಕು. ಕಾವೇರಿಯ ಸೆಳೆತದಲ್ಲಿ ಕರಗದೆ ನಿಲ್ಲುವಷ್ಟು ಜಿಗುಟು, ಮೀನಿನ ಬಾಯಿಗೆ ಸಿಕ್ಕಾಗ ಬಿರಿಯುವಷ್ಟು ಮೆದು. ಆ ಹದ ಸ್ಥಳೀಯರಿಗೆ ಮಾತ್ರ ತಿಳಿದಿತ್ತು. ಅವರಲ್ಲಿ ಅನೇಕರು ಹಿಂದೆ ಬಲೆಯಿಂದಲೋ ಸಿಡಿಮದ್ದಿನಿಂದಲೋ ಅದೇ ಮೀನನ್ನು ಹಿಡಿಯುತ್ತಿದ್ದವರು. ಮೀನು ಬದುಕಿದ್ದರೆ ಕೂಲಿ ಬದುಕಿರುತ್ತದೆಂಬ ಲೆಕ್ಕದಿಂದ ಕಾವಲಿಗೆ ತಿರುಗಿದರು. ಹಿಡಿದ ಮೀನನ್ನು ತೂಗಿ, ಪಟ ತೆಗೆದು, ಮತ್ತೆ ಹೊಳೆಗೆ ಬಿಡುವುದು ಅಲ್ಲಿನ ಕಟ್ಟಳೆ. ಆದರೆ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ವ್ಯಾಖ್ಯಾನವನ್ನು ಸರ್ಕಾರ ಎತ್ತಿಹಿಡಿದದ್ದರಿಂದ 2010ರ ಆಸುಪಾಸಿನ ವರ್ಷಗಳಲ್ಲಿ ಈ ಶಿಬಿರಗಳ ಗಾಳಗಳು ಮೇಲೆದ್ದವು. 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್ ‘ಟೋರ್ ರೆಮಾದೇವಿ’ ಎಂಬ ಜಾತಿಯೆಂದು ನಿರ್ಧಾರವಾಗಿ, ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಗಂಭೀರ ಸ್ಥಿತಿಯದೆಂದು ದಾಖಲಾಯಿತು. ಗಾಳಗಾರರು ಹೋದ ಮೇಲೆ ಕಳ್ಳಬೇಟೆ ಹೆಚ್ಚಿತೆಂದು ಒಂದು ಪಕ್ಷ, ಹವ್ಯಾಸಕ್ಕಾಗಿ ಜೀವಿಯನ್ನು ನೋಯಿಸುವುದೇ ಅಧರ್ಮವೆಂದು ಇನ್ನೊಂದು ಪಕ್ಷ. ನನ್ನ ಒಲವು ಮೊದಲನೆಯದರ ಕಡೆಗಿದೆ. ಕಾವಲುಗಾರನಿಲ್ಲದ ನಿಷೇಧಕ್ಕೆ ಹೊಳೆಯಲ್ಲಿ ಬೆಲೆ ಕಡಿಮೆ.

ಪಿರಿಯಾಪಟ್ಟಣದ ಗಡಿಯಾಚೆ, ಕುಶಾಲನಗರದ ಬಳಿಯ ವಾಲ್ನೂರಿನಲ್ಲಿ, ಕೊಡಗು ವನ್ಯಜೀವಿ ಸಂಘವು ಕಾವೇರಿಯ ಒಂದು ಹರಿವನ್ನು ಗುತ್ತಿಗೆ ಹಿಡಿದು ಗಾಳಕ್ಕೆ ಪರವಾನಗಿ ಕೊಡುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಹಿಡಿದ ಮಹಶೀರನ್ನು ನೀರಿಗೆ ಬಿಡುವುದು ಅಲ್ಲಿ ಕಡ್ಡಾಯ. ಇದೇ ಮಾತನ್ನು ಸ್ವಿಟ್ಜರ್ಲೆಂಡಿನವನಿಗೆ ಹೇಳಿದರೆ ಅವನು ಹುಬ್ಬೇರಿಸುತ್ತಾನೆ. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಅವನ ನಾಡಿನಲ್ಲಿ 2009ರಿಂದ ಕಾನೂನುಬಾಹಿರ. ತಿನ್ನುವುದಾದರೆ ಹಿಡಿ, ತಿನ್ನುವುದಿಲ್ಲವಾದರೆ ಜೀವಿಯನ್ನು ವೃಥಾ ಹಿಂಸಿಸಬೇಡ ಎಂಬುದು ಅಲ್ಲಿನ ನ್ಯಾಯ. ತಿಂಗಳಿಗೂ ಮಿಕ್ಕಿದ ಪರವಾನಗಿ ಬೇಕಾದವನು ಮೀನನ್ನು ನೋಯದಂತೆ ಹಿಡಿದು ಕೊಲ್ಲುವ ವಿದ್ಯೆಯಲ್ಲಿ ತರಬೇತಿ ಪಡೆದ ಪತ್ರವನ್ನು ತೋರಿಸಬೇಕು; ಕೆಲದಿನಗಳ ಪ್ರವಾಸಿಗೆ ದಿನದ ಚೀಟಿ ಸಾಕು. ಆಸ್ಟ್ರಿಯದಲ್ಲಿ ಎರಡು ಕಾಗದಗಳು ಬೇಕು, ಒಂದು ಪ್ರಾಂತದ ಸರ್ಕಾರದ್ದು, ಇನ್ನೊಂದು ಆ ನೀರಿನ ಹಕ್ಕುದಾರನದು. ಹುಣಸೂರಿನಿಂದ ಹೋಗಿ ವಿಯೆನ್ನಾದಲ್ಲಿ ಉದ್ಯೋಗಕ್ಕೆ ನಿಂತ ತರುಣನೊಬ್ಬ, ಲಕ್ಷ್ಮಣತೀರ್ಥದ ದಡದಲ್ಲಿ ಎರೆಹುಳು ಸಿಕ್ಕಿಸಿ ಕೂರುತ್ತಿದ್ದ ಅಭ್ಯಾಸದಿಂದ ಅಲ್ಲಿಯೂ ಒಂದು ತೊರೆಯ ಪಕ್ಕ ಕುಳಿತನಾದರೆ, ಮೀನಿಗಿಂತ ಮೊದಲು ಅವನನ್ನು ಮುಟ್ಟುವವನು ನೀರಿನ ಕಾವಲುಗಾರ.

ನಮ್ಮಲ್ಲಿ ಮೀನನ್ನು ಕಾಯುವ ಮೂರನೆಯ ವಿಧಾನವೊಂದಿದೆ. ಅದಕ್ಕೆ ಯಾವ ಪರವಾನಗಿಯೂ ಬೇಡ. ಕೃಷ್ಣರಾಜನಗರದ ಚುಂಚನಕಟ್ಟೆಗೆ ಮೇಲಿನ ಹರಿವಿನಲ್ಲಿರುವ ರಾಮನಾಥಪುರದ ಮಡುವಿನಲ್ಲಿ ಮಹಶೀರ್‌ಗಳು ದೇವರ ಮೀನುಗಳು; ಭಕ್ತರು ಪುರಿ ಎರಚಿದರೆ ಬಾಯ್ದೆರೆದು ಮೇಲೆ ಬರುತ್ತವೆ, ಗಾಳ ತರುವ ಧೈರ್ಯ ಯಾರಿಗೂ ಇಲ್ಲ.

ಪರದೇಶದವರೆಂದರೆ ಬಿಳಿಯರೇ ಎಂದು ಈವರೆಗೆ ಬರೆಯುತ್ತ ಬಂದೆ. ಆದರೆ ಪಿರಿಯಾಪಟ್ಟಣ ಹುಣಸೂರು ತಾಲ್ಲೂಕುಗಳ ನಿಜವಾದ ಪರದೇಶದವರು ಬೇರೊಂದು ಪರ್ವತದೇಶದಿಂದ ಬಂದವರು. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿಯೂ ತರುವಾಯ ಹುಣಸೂರಿನ ಗುರುಪುರದಲ್ಲಿಯೂ ಟಿಬೆಟ್ಟಿನ ನಿರಾಶ್ರಿತರಿಗೆ ಸರ್ಕಾರ ಕೊಟ್ಟದ್ದು ಕಾಡುನೆಲವನ್ನೇ. ಮರ ಕಡಿದು, ಬೆಂಕಿ ಹಚ್ಚಿ, ಆನೆಗಳ ಕಾಟವನ್ನು ತಡೆದುಕೊಂಡು ಅವರು ಮುಸುಕಿನ ಜೋಳದ ಹೊಲಗಳನ್ನು ಎಬ್ಬಿಸಿದರು. ಕೊಲ್ಲಲು ಹಿಡಿದ ಜೀವಿಯನ್ನು ಹಣ ಕೊಟ್ಟು ಬಿಡಿಸಿ, ಮೀನಾದರೆ ಮತ್ತೆ ನೀರಿಗೆ ಬಿಡುವುದು ಬೌದ್ಧರಾದ ಅವರಲ್ಲಿ ಪುಣ್ಯಕಾರ್ಯ. ಸ್ವಿಸ್ ಕಾನೂನಾಗಲಿ ಕೊಡಗಿನ ಕಟ್ಟಳೆಯಾಗಲಿ ಈ ಬಿಡುಗಡೆಯನ್ನು ಯೋಚಿಸಿರಲಿಕ್ಕಿಲ್ಲ. ಈ ವಸತಿಗಳಲ್ಲಿ ತಂಗಲು ಬರುವ ಅನ್ಯ ವಿದೇಶಿಯರು ಕೇಂದ್ರ ಸರ್ಕಾರದಿಂದ ಪ್ರತ್ಯೇಕ ಅನುಮತಿ ಪಡೆಯಬೇಕು. ಗಾಳ ಬಂದೂಕಗಳಿಲ್ಲದ ಬರಿಗೈ ಅತಿಥಿಗೂ ನಮ್ಮ ಸೀಮೆಯಲ್ಲಿ ನಿಯಮ ತಪ್ಪಿದ್ದಲ್ಲ.

ಅತಿಥಿಗಳ ಪ್ರಕರಣವೊಂದು ನ್ಯಾಯಾಲಯದವರೆಗೂ ಹೋಯಿತು. ನಾಗರಹೊಳೆಯ ಮೂರ್ಕಲ್‌ನಲ್ಲಿ, ರಾಷ್ಟ್ರೀಯ ಉದ್ಯಾನದೊಳಗೆ, ದೊಡ್ಡ ಹೋಟೆಲು ಸಂಸ್ಥೆಯೊಂದಕ್ಕೆ ವಿಹಾರಧಾಮ ನಡೆಸಲು ಸರ್ಕಾರ 1990ರ ದಶಕದಲ್ಲಿ ಗುತ್ತಿಗೆ ಕೊಟ್ಟಾಗ, ಕಾಡಿನಿಂದ ಹೊರಗೆ ಹೋಗಬೇಕೆಂದು ಹೇಳಿಸಿಕೊಳ್ಳುತ್ತಿದ್ದ ಹಾಡಿಯ ಜನ ಪ್ರತಿಭಟಿಸಿ ನಿಂತರು. ನಮಗೆ ಸೂರು ಕಟ್ಟಲು ಬಿಡದ ಕಾಡಿನಲ್ಲಿ ಹಣವುಳ್ಳ ಅತಿಥಿಗೆ ಕೊಠಡಿ ಹೇಗೆ ಬಂತು ಎಂಬ ಅವರ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. 1997ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಆದರೆ ಆ ತೀರ್ಪಿನಿಂದ ಹಾಡಿಯವರಿಗೆ ಕಾಡು ಮರಳಿ ಬಂದಂತಾಗಲಿಲ್ಲ. ಅನೇಕ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿಗಳಿಗೆ ಹೋದವು.

2006ರ ಅರಣ್ಯ ಹಕ್ಕುಗಳ ಕಾನೂನು ಹಾಡಿಯವರ ವಿಷಯದಲ್ಲಿ ಬೇಟೆಯನ್ನೂ ಮೀನನ್ನೂ ಬೇರೆಬೇರೆಯಾಗಿ ಕಂಡಿದೆ. ಪರಂಪರೆಯಿಂದ ಅನುಭವಿಸುತ್ತ ಬಂದ ಎಲ್ಲ ಹಕ್ಕುಗಳನ್ನೂ ಮನ್ನಿಸುವೆನೆಂದು ಹೇಳುತ್ತಲೇ, ಬೇಟೆಯಾಡುವ, ಬೋನಿಗೆ ಹಿಡಿಯುವ, ಪ್ರಾಣಿಯ ಅಂಗವನ್ನು ತೆಗೆಯುವ ಹಕ್ಕನ್ನು ಮಾತ್ರ ಅದು ಸ್ಪಷ್ಟವಾಗಿ ಹೊರಗಿಟ್ಟಿತು. ಜಲಮೂಲಗಳ ಮೀನು ಮುಂತಾದುವುಗಳ ಮೇಲಿನ ಸಮುದಾಯದ ಹಕ್ಕನ್ನು ಪಟ್ಟಿಯೊಳಗೆ ಸೇರಿಸಿತು. ಅಂದರೆ ಖೆಡ್ಡಾದ ಆನೆಗೆ ಕುಣಿಕೆ ಹಾಕಿದವರ ಮೊಮ್ಮಗನು ಕಾಡಿನ ಮೊಲವನ್ನು ಮುಟ್ಟುವಂತಿಲ್ಲ, ಹೊಳೆಯ ಮೀನನ್ನು ಮಾತ್ರ ತನ್ನದೆಂದು ಕೇಳಬಹುದು. ಕೇಳುವ ದಾರಿಯನ್ನೂ ಕಾನೂನೇ ಹಾಕಿಕೊಟ್ಟಿದೆ: ಹಾಡಿಯ ಗ್ರಾಮಸಭೆಯಲ್ಲಿ ಅರ್ಜಿ ಮಂಡನೆಯಾಗಿ, ಅಲ್ಲಿಂದ ಉಪವಿಭಾಗದ ಸಮಿತಿಗೆ ಏರಿ, ಕೊನೆಗೆ ಜಿಲ್ಲಾ ಸಮಿತಿಯ ಮುಂದೆ ನಿಲ್ಲಬೇಕು. ಹೆಗ್ಗಡದೇವನಕೋಟೆಯ ಹಾಡಿಗಳಿಗೂ ಪಿರಿಯಾಪಟ್ಟಣದ ಹಾಡಿಗಳಿಗೂ ಆ ನಡುವಣ ಮೆಟ್ಟಿಲಿರುವುದು ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಆ ಸಮಿತಿಯಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿಯೂ ಕುಳಿತಿರುತ್ತಾನೆ. ರಾಷ್ಟ್ರೀಯ ಉದ್ಯಾನದೊಳಗೆ ಯಾವ ಜೀವಿಯನ್ನೂ ನಾಶಮಾಡಬಾರದೆಂಬ 1972ರ ಕಾನೂನಿನ 35ನೆಯ ಕಲಮನ್ನು ಕಾಯಬೇಕಾದವನೂ ಅವನೇ.